ಕೊನೆಯ ಪುಟದಲ್ಲಿ ಅವಳಿಗೆ ಏನಾಯಿತು? ಕನ್ನಡ ಕಾದಂಬರಿಯ ಹೆಣ್ಣು, ಗಂಡು ಮತ್ತು ಅಧಿಕಾರ

'ಗೃಹಭಂಗ'ದಲ್ಲಿ ಶಾನುಭೋಗಿಕೆ ಇರುವುದು ಚೆನ್ನಿಗರಾಯನ ಹೆಸರಿನಲ್ಲಿ. ಲೆಕ್ಕ ಬರೆಯುವವಳು ಅವನ ಹೆಂಡತಿ ನಂಜಮ್ಮ. ಪುಸ್ತಕಕ್ಕೆ ಗೆರೆ ಹಾಕುವುದು, ಖಾತೆ ಕೂಡುವುದು, ಜಮಾಬಂದಿಯ ಹೊತ್ತಿಗೆ ಎಲ್ಲವನ್ನೂ ಸರಿ ಮಾಡಿಡುವುದು ಅವಳ ಪಾಲಿನ ಕೆಲಸ. ರುಜು ಹಾಕುವುದು, ಕೈಗೆ ಬಂದ ಹಣವನ್ನು ಹೋಟೆಲಿನಲ್ಲಿ ತಿಂದು ಮುಗಿಸುವುದು ಗಂಡನ ಪಾಲಿನದು. ಅಷ್ಟು ಸಾಲದೆಂದು ಅವಳು ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳ ಹೊಟ್ಟೆ ಹೊರೆಯುತ್ತಾಳೆ. ಎಸ್.ಎಲ್. ಭೈರಪ್ಪನವರ ಈ ಕಾದಂಬರಿ ಪ್ರಕಟವಾದದ್ದು 1970ರಲ್ಲಿ. ಕಥೆ ನಡೆಯುವುದು ಅದಕ್ಕೂ ಹಿಂದೆ, ತಿಪಟೂರು, ಚನ್ನರಾಯಪಟ್ಟಣದ ಸೀಮೆಯಲ್ಲಿ, ಪ್ಲೇಗು ಮತ್ತು ಬರಗಾಲಗಳ ನಡುವೆ. ಹೆಣ್ಣು ಗಂಡು ಸಮಾನರು ಎಂಬ ಮಾತನ್ನು ಅಲ್ಲಿ ಯಾರೂ ಆಡುವುದಿಲ್ಲ. ಆದರೂ ದುಡಿಮೆ ಒಬ್ಬರದು, ಹಕ್ಕು ಇನ್ನೊಬ್ಬರದು ಎಂಬ ಏರ್ಪಾಟು ಎಷ್ಟು ಗಟ್ಟಿಯಾಗಿ ಕೂತಿತ್ತು ಎಂಬುದು ಆ ಲೆಕ್ಕದ ಪುಸ್ತಕ ಒಂದರಿಂದಲೇ ತಿಳಿಯುತ್ತದೆ. ಆ ಏರ್ಪಾಟಿಗೆ ಸರಕಾರದ ಮೊಹರೂ ಇತ್ತು. ಶಾನುಭೋಗಿಕೆಯಂಥ ವಂಶಪಾರಂಪರ್ಯದ ಹುದ್ದೆಗಳನ್ನು ಮೈಸೂರು ರಾಜ್ಯ ಕಾಯಿದೆ ಮಾಡಿ ತೆಗೆದುಹಾಕಿದ್ದು 1961ರಲ್ಲಿ.

ಕಾದಂಬರಿಯಲ್ಲಿ ಹೆಣ್ಣು ಗಂಡಿನ ಪ್ರಶ್ನೆಯನ್ನು ಹುಡುಕಲು ಹೊರಟವರು ಸಾಮಾನ್ಯವಾಗಿ ಬಂಡಾಯದ ಮಾತಾಡುವ ನಾಯಕಿಯನ್ನು ಹುಡುಕುತ್ತಾರೆ. ಮಾತು ನಾಯಕಿಯ ಬಾಯಿಗೆ ಸುಲಭವಾಗಿ ಬರುತ್ತದೆ. ಅದನ್ನು ಬರೆದುಕೊಡುವುದು ಕಾದಂಬರಿಕಾರನಿಗೂ ಸುಲಭ. ನಾನು ಬೇರೆಡೆ ನೋಡಬೇಕೆನ್ನುತ್ತೇನೆ. ಆ ಪಾತ್ರದ ದಿನದ ದುಡಿಮೆ ಯಾರ ಹೆಸರಿಗೆ ಜಮೆಯಾಗುತ್ತಿದೆ, ಮನೆಯ ಸಾಲವನ್ನು ಕಡೆಗೆ ತೀರಿಸುವವರು ಯಾರು, ಎಲ್ಲಕ್ಕಿಂತ ಮಿಗಿಲಾಗಿ, ಗೆರೆ ದಾಟಿದ ಹೆಣ್ಣನ್ನು ಕಾದಂಬರಿ ಕೊನೆಗೆ ಏನು ಮಾಡುತ್ತದೆ ಎಂಬುದನ್ನು ನೋಡಬೇಕು. ಪಾತ್ರವನ್ನು ಬದುಕಿಸುವ, ಸಾಯಿಸುವ, ಹುಚ್ಚಿಯಾಗಿಸುವ, ಊರು ಬಿಡಿಸುವ ಹಕ್ಕು ಬರೆಯುವವರ ಕೈಯಲ್ಲಿದೆ. ಅದೂ ಅಧಿಕಾರವೇ. ನೂರಿಪ್ಪತ್ತೈದು ವರ್ಷಗಳಲ್ಲಿ ಕನ್ನಡ ಕಾದಂಬರಿ ಆ ಅಧಿಕಾರವನ್ನು ಹೇಗೆ ಚಲಾಯಿಸಿದೆ ಎಂಬುದೇ ಈ ಲೇಖನದ ಕಾಳಜಿ.

ಮೊದಲ ಸಾಮಾಜಿಕ ಕಾದಂಬರಿ ಎಂದು ಹೆಸರಾದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಮಂಗಳೂರಿನಲ್ಲಿ ಅಚ್ಚಾದದ್ದು 1899ರಲ್ಲಿ. ವಿಧವಾ ವಿವಾಹಕ್ಕೆ ಬ್ರಿಟಿಷ್ ಸರಕಾರ ಕಾನೂನಿನ ಒಪ್ಪಿಗೆ ಕೊಟ್ಟು ಆಗಲೇ 43 ವರ್ಷ ಆಗಿತ್ತು. ಮೈಸೂರು ಸಂಸ್ಥಾನ ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿ ಐದು ವರ್ಷ ಆಗಿತ್ತು. ಕಾನೂನು ಬಂದಿತ್ತು, ಮನೆಯೊಳಗೆ ಏನೂ ಬದಲಾಗಿರಲಿಲ್ಲ. ವೆಂಕಟರಾಯರು ಪೊಲೀಸ್ ಇಲಾಖೆಯಲ್ಲಿದ್ದವರು. ಸಾರಸ್ವತ ಸಮಾಜದ ಒಳಗಿನ ಕಪಟವನ್ನು ಹತ್ತಿರದಿಂದ ಕಂಡವರು. ಬಾಲವಿಧವೆ ಇಂದಿರೆಯನ್ನು ಭಕ್ತಿಯ ಹೆಸರು ಹೇಳಿಕೊಂಡು ತಿರುಗುವ ಸಂತಮಂಡಳಿಯ ಕೈಗೆ ಸಿಕ್ಕಿಸಲು ಸ್ವಂತ ತಂದೆತಾಯಿಯೇ ಹಿಂದೆಮುಂದೆ ನೋಡುವುದಿಲ್ಲ. ಅವಳು ಮನೆ ಬಿಟ್ಟು ಓಡುತ್ತಾಳೆ, ಸುಧಾರಕರ ಮನೆಯಲ್ಲಿ ಆಶ್ರಯ ಪಡೆದು ಓದುತ್ತಾಳೆ, ಭಾಸ್ಕರನನ್ನು ಮದುವೆಯಾಗುತ್ತಾಳೆ. ಮೊದಲ ಹೆಜ್ಜೆಯಲ್ಲೇ ಕನ್ನಡ ಕಾದಂಬರಿ ಮನೆ ಬಿಟ್ಟ ವಿಧವೆಯನ್ನು ಸುಖವಾಗಿ ಬಾಳಿಸಿತು ಎಂಬುದು ಸಣ್ಣ ಸಂಗತಿಯಲ್ಲ. ಮುಂದೆ ಎಷ್ಟೋ ದಶಕ ನಮ್ಮ ಕಾದಂಬರಿಕಾರರಿಗೆ ಅಷ್ಟು ಧೈರ್ಯ ಬರಲಿಲ್ಲ. ಆದರೆ ಇಂದಿರೆ ಓಡಿದಾಗ ಬಾಗಿಲು ತೆರೆದವನು ಇನ್ನೊಬ್ಬ ಗಂಡಸು. ಅವಳ ಹೊಸ ಬಾಳಿಗೆ ಭದ್ರತೆ ಕೊಡುವುದು ಭಾಸ್ಕರನ ಓದು ಮತ್ತು ಅಧಿಕಾರ. ಹಳೆಯ ಯಜಮಾನನ ಜಾಗಕ್ಕೆ ಒಳ್ಳೆಯ ಯಜಮಾನ ಬರುತ್ತಾನೆ. ಆರು ವರ್ಷದ ನಂತರ ಬಂದ ಬೋಳಾರ ಬಾಬುರಾಯರ 'ವಾಗ್ದೇವಿ' ಇನ್ನೂ ಒರಟಾಗಿ ಮಠದ ಒಳಕ್ಕೆ ನುಗ್ಗಿ, ಒಬ್ಬ ಗೃಹಿಣಿಗೂ ಸ್ವಾಮಿಗೂ ಇರುವ ಸಂಬಂಧದ ಸುತ್ತ ಆಸ್ತಿ, ಪಟ್ಟ, ಪ್ರತಿಷ್ಠೆಗಳ ಕಾದಾಟವನ್ನು ಬಿಚ್ಚಿಟ್ಟಿತು.

ಇದೇ ಕಾಲದಲ್ಲಿ ನಿಜವಾದ ಒಬ್ಬ ಬಾಲವಿಧವೆ ಲೇಖನಿ ಹಿಡಿದಿದ್ದರು. ನಂಜನಗೂಡು ತಿರುಮಲಾಂಬ 1913ರಲ್ಲಿ 'ಸತೀಹಿತೈಷಿಣೀ' ಗ್ರಂಥಮಾಲೆ ಶುರು ಮಾಡಿ 'ಸುಶೀಲೆ' ಬರೆದರು. ಕೆಲವೇ ವರ್ಷಗಳಲ್ಲಿ 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆಯನ್ನೂ ನಡೆಸಿದರು. ಬರೆಯುವುದು, ಅಚ್ಚು ಹಾಕಿಸುವುದು, ಓದುಗರಿಗೆ ತಲುಪಿಸುವುದು ಎಲ್ಲವನ್ನೂ ಕೈಗೆತ್ತಿಕೊಂಡ ಆಕೆಯ ಕಾದಂಬರಿಗಳ ನಾಯಕಿಯರು ಪತಿವ್ರತೆಯರು, ತಾಳ್ಮೆಯವರು. ಲೇಖಕಿಯ ಬದುಕಿಗಿಂತ ಆಕೆಯ ಪಾತ್ರಗಳು ಹಿಂದುಳಿದವು ಎಂದು ಇಂದಿನ ಓದುಗರಿಗೆ ಅನ್ನಿಸೀತು. ಓದುವ ಹಕ್ಕೇ ಸಂದೇಹದಲ್ಲಿದ್ದ ದಿನಗಳಲ್ಲಿ, ಓದಿದ ಹೆಣ್ಣು ಕೆಟ್ಟುಹೋಗುವುದಿಲ್ಲ ಎಂದು ಕಥೆ ಕಟ್ಟಿ ತೋರಿಸುವುದೇ ಆಕೆಗೆ ಮಾಡಲೇಬೇಕಾಗಿದ್ದ ವಾದ ಎಂದು ನಾನು ತಿಳಿಯುತ್ತೇನೆ. 1982ರಲ್ಲಿ ತೀರಿಕೊಂಡ ತಿರುಮಲಾಂಬ ಅದಕ್ಕೂ ಎಷ್ಟೋ ದಶಕ ಮೊದಲೇ ಬರೆಯುವುದನ್ನು ನಿಲ್ಲಿಸಿದ್ದರು. ಸಾಹಿತ್ಯಲೋಕವೂ ಅವರನ್ನು ಮರೆತಿತ್ತು, ಸಿ.ಎನ್. ಮಂಗಳಾ, ವಿಜಯಾ ದಬ್ಬೆಯಂಥ ಮಹಿಳಾ ವಿದ್ವಾಂಸರು ಕಾಳಜಿಯಿಂದ ಅವರನ್ನು ಮತ್ತೆ ಓದಿಗೆ ತಂದರು.

ವಿಧವೆ ಕನ್ನಡ ಕಾದಂಬರಿಯ ಬೆನ್ನು ಬಿಡಲೇ ಇಲ್ಲ. ಅದಕ್ಕೆ ಕಾರಣವೂ ಇದೆ. ಗಂಡನಿಲ್ಲದ ಹೆಣ್ಣಿನ ಮೈ, ತಲೆಗೂದಲು, ಊಟ, ಓಡಾಟ ಎಲ್ಲದರ ಮೇಲೂ ಮನೆ, ಜಾತಿ, ಮಠ ಮೂರೂ ಒಟ್ಟಿಗೆ ಹಕ್ಕು ಸಾಧಿಸುವುದು ಅಲ್ಲಿ ಎದ್ದು ಕಾಣುತ್ತದೆ. ಕುವೆಂಪು ಅವರ 'ಕಾನೂರು ಹೆಗ್ಗಡಿತಿ' (1936)ಯ ಸುಬ್ಬಮ್ಮ ಚಂದ್ರಯ್ಯಗೌಡರ ಮೂರನೆಯ ಹೆಂಡತಿ. ಗೌಡರು ಸತ್ತ ಮೇಲೆ ಮನೆಯ ಯಜಮಾನಿಕೆ ಅವಳ ಕೈಗೆ ಬರುತ್ತದೆ. ವೈಧವ್ಯ ಅವಳಿಗೆ ಅಧಿಕಾರ ಕೊಡುತ್ತದೆ. ಆದರೆ ಮೈಗೆ ಸ್ವಾತಂತ್ರ್ಯ ಕೊಡುವುದಿಲ್ಲ. ಬಸಿರಾದ ಸುಬ್ಬಮ್ಮ ಅದನ್ನು ಕಳೆದುಕೊಳ್ಳಲು ಹೋಗಿ ಸಾಯುತ್ತಾಳೆ. ಒರಟಾಗಿ, ಹಟಮಾರಿಯಾಗಿ ಶುರುವಾದ ಈ ಹೆಣ್ಣನ್ನು ಕುವೆಂಪು ನಿಧಾನವಾಗಿ ನಮ್ಮ ಮರುಕಕ್ಕೆ ಹತ್ತಿರ ತರುತ್ತಾರೆ, ಸಾವಿನ ಹೊತ್ತಿಗೆ ಅವಳು ತೀರ ನಮ್ಮವಳಾಗಿರುತ್ತಾಳೆ. ಬೆಲೆ ತೆತ್ತವಳು ಮಾತ್ರ ಅವಳೇ.

ಭೈರಪ್ಪನವರ 'ವಂಶವೃಕ್ಷ' ಮತ್ತು ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' ಎರಡೂ 1965ರಲ್ಲಿ ಬಂದವು. ಎರಡರಲ್ಲೂ ನಡುವೆ ಒಬ್ಬ ಶಾಸ್ತ್ರಜ್ಞ ಗಂಡಸು. ಎರಡರಲ್ಲೂ ಗೆರೆ ದಾಟುವ ಒಬ್ಬ ಹೆಣ್ಣು. 'ವಂಶವೃಕ್ಷ'ದಲ್ಲಿ, ಕಪಿಲೆಯಲ್ಲಿ ಮುಳುಗಿ ಸತ್ತ ಗಂಡನ ಮನೆಯಲ್ಲಿ, ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಯರ ಆಸರೆಯಲ್ಲಿರುವ ಕಾತ್ಯಾಯಿನಿ ರೈಲಿನಲ್ಲಿ ಮೈಸೂರಿಗೆ ಹೋಗಿ ಬಂದು ಕಾಲೇಜು ಓದುತ್ತಾಳೆ. ಆ ರೈಲಿನ ದಾರಿಯೇ ಅವಳಿಗೆ ಸಿಕ್ಕ ಹೊಸ ಲೋಕ. ಮೇಷ್ಟರಾದ ರಾಜನನ್ನು ಮದುವೆಯಾಗುತ್ತಾಳೆ, ಮಗನನ್ನು ಮಾವನ ವಂಶಕ್ಕೆ ಬಿಟ್ಟುಕೊಡುತ್ತಾಳೆ. ಆಮೇಲೆ ಕಾದಂಬರಿ ಅವಳ ಗರ್ಭಗಳನ್ನು ಒಂದಾದ ಮೇಲೊಂದು ಇಳಿಸುತ್ತದೆ. ಕೊರಗಿಸಿ, ಕೊನೆಗೆ ಸಾಯಿಸುತ್ತದೆ. ಭೈರಪ್ಪನವರ ಸಮರ್ಥಕರು, ಇದು ಕಾತ್ಯಾಯಿನಿಯ ಒಳಗೇ ಕೂತ ಸಂಸ್ಕಾರದ ಘರ್ಷಣೆ, ಲೇಖಕ ಕೊಟ್ಟ ಶಿಕ್ಷೆಯಲ್ಲ ಎನ್ನುತ್ತಾರೆ. ಆ ವಾದದಲ್ಲಿ ಹುರುಳಿದೆ, ಏಕೆಂದರೆ ವಂಶದ ಪಾವಿತ್ರ್ಯವನ್ನು ನಂಬಿದ ಶ್ರೋತ್ರಿಯರಿಗೂ ತಮ್ಮ ಹುಟ್ಟಿನ ಸತ್ಯ ಗೊತ್ತಾಗಿ ನಂಬಿಕೆಯ ಬುಡವೇ ಅಲುಗುತ್ತದೆ. ಆದರೂ ಒಂದು ವ್ಯತ್ಯಾಸ ಉಳಿದೇ ಉಳಿಯುತ್ತದೆ. ಶ್ರೋತ್ರಿಯರಿಗೆ ಸಂನ್ಯಾಸದ ದಾರಿ ಇದೆ, ಘನತೆ ಇದೆ. ಕಾತ್ಯಾಯಿನಿಗೆ ಇರುವುದು ಹಾಸಿಗೆ. ತಿಳಿವಳಿಕೆ ಗಂಡಿಗೆ, ನೋವು ಹೆಣ್ಣಿನ ಮೈಗೆ ಎಂಬ ಈ ಹಂಚಿಕೆಯನ್ನು ಒಪ್ಪಿಕೊಳ್ಳುವುದು ನನಗೆ ಕಷ್ಟ.

'ಸಂಸ್ಕಾರ'ದ ದೂರ್ವಾಸಪುರದಲ್ಲಿ ನಡೆಯುವುದು ಬೇರೆ. ಆಚಾರ ಬಿಟ್ಟಿದ್ದ ಬ್ರಾಹ್ಮಣ ನಾರಣಪ್ಪನ ಹೆಣಕ್ಕೆ ಸಂಸ್ಕಾರ ಮಾಡಬೇಕೋ ಬೇಡವೋ ಎಂದು ಇಡೀ ಅಗ್ರಹಾರ ಶಾಸ್ತ್ರ ತಿರುವುತ್ತದೆ, ಪ್ರಾಣೇಶಾಚಾರ್ಯರು ಮಾರುತಿಯ ಗುಡಿಯಲ್ಲಿ ಅಪ್ಪಣೆಗೆ ಕಾಯುತ್ತಾರೆ. ಅಷ್ಟರಲ್ಲಿ ನಾರಣಪ್ಪನ ಜೊತೆ ಬಾಳಿದ್ದ ಚಂದ್ರಿ, ಒಬ್ಬ ಮುಸಲ್ಮಾನನ ನೆರವು ಪಡೆದು, ರಾತ್ರೋರಾತ್ರಿ ಹೆಣ ಸುಟ್ಟು ಊರು ಬಿಡುತ್ತಾಳೆ. ಅಗ್ರಹಾರಕ್ಕೆ ಇದು ಗೊತ್ತಿಲ್ಲ, ಓದುಗರಿಗೆ ಗೊತ್ತು. ಅಲ್ಲಿಂದ ಮುಂದೆ ಬ್ರಾಹ್ಮಣರು ಮಾಡುವ ಚರ್ಚೆಯೆಲ್ಲ ಈಗಾಗಲೇ ಒಬ್ಬ ಹೆಣ್ಣು ಮುಗಿಸಿದ ಕೆಲಸದ ಸುತ್ತ ನಡೆಯುವ ಚರ್ಚೆ. ಕಥೆಯನ್ನು ಹೀಗೆ ಕಟ್ಟಿದ ಜಾಣ್ಮೆಯನ್ನು ಮೆಚ್ಚಲೇಬೇಕು. ಆದರೆ ಚಂದ್ರಿ ಊರು ಬಿಟ್ಟೊಡನೆ ಕಾದಂಬರಿಯನ್ನೂ ಬಿಡುತ್ತಾಳೆ. ಮುಂದಿನ ಅಲೆದಾಟ, ಆತ್ಮಶೋಧನೆ ಎಲ್ಲ ಆಚಾರ್ಯರದು. ಅವರ ಕಾಯಿಲೆಯ ಹೆಂಡತಿ ಭಾಗೀರಥಿಯೂ ಹಾಗೆಯೇ, ನಾಯಕನ ವ್ರತಕ್ಕೆ ನೆಪವಾಗಿ ಬಂದು ಪ್ಲೇಗಿನಲ್ಲಿ ಸತ್ತು ಹೋಗುತ್ತಾಳೆ. ಇಪ್ಪತ್ತು ವರ್ಷ ಆ ಹಾಸಿಗೆಯ ಮೇಲೆ ಮಲಗಿ ಅವಳು ಏನು ಯೋಚಿಸುತ್ತಿದ್ದಳು ಎಂಬ ಕಾದಂಬರಿಯನ್ನು ಕನ್ನಡದಲ್ಲಿ ಯಾರಾದರೂ ಬರೆದಿದ್ದರೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಬೇರೆ ದಾರಿ ಇತ್ತು ಎಂಬುದಕ್ಕೆ ಇಬ್ಬರು ಅಜ್ಜಿಯರು ಸಾಕ್ಷಿ. ಶಿವರಾಮ ಕಾರಂತರಿಗೆ 1977ರ ಜ್ಞಾನಪೀಠ ತಂದ 'ಮೂಕಜ್ಜಿಯ ಕನಸುಗಳು' (1968) ಎಂಬತ್ತು ದಾಟಿದ ಬಾಲವಿಧವೆಯನ್ನು ಮಾತಿನ ನಡುಮಧ್ಯೆ ಕೂರಿಸುತ್ತದೆ. ಮೊಮ್ಮಗ ಸುಬ್ಬರಾಯ ತಂದುಕೊಟ್ಟ ಹಳೆಯ ವಸ್ತುವೊಂದನ್ನು ಮುಟ್ಟಿದರೆ ಅಜ್ಜಿಗೆ ಅದರ ಹಿಂದಿನ ಕಾಲ ಕಾಣುತ್ತದೆ. ದೇವರು, ಸಂನ್ಯಾಸ, ಗಂಡುಹೆಣ್ಣಿನ ಕೂಡಾಟ ಯಾವುದರ ಬಗ್ಗೆ ಮಾತಾಡಲೂ ಅವಳಿಗೆ ಸಂಕೋಚವಿಲ್ಲ. ಸಂಸಾರವನ್ನೇ ಕಾಣದವಳು ಸಂಸಾರದ ಪರವಾಗಿ, ಬದುಕಿನ ಪರವಾಗಿ ನಿಲ್ಲುತ್ತಾಳೆ. ಊರು ದೂರವಿಟ್ಟ ನಾಗಿಯನ್ನು ಹತ್ತಿರ ಕರೆದು ಕೂರಿಸಿಕೊಳ್ಳುತ್ತಾಳೆ. ತನ್ನ ಪಾಲಿಗೆ ಬಾರದ ಸುಖವನ್ನು ಹೊಟ್ಟೆಕಿಚ್ಚಿಲ್ಲದೆ ಒಪ್ಪಿಕೊಳ್ಳುವ ಈ ವಿಶಾಲತೆ ಕಾರಂತರ ದೊಡ್ಡ ಸಾಧನೆ. ಅಜ್ಜಿ ಕೆಲವೆಡೆ ಕಾರಂತರ ಬಾಯಾಗಿಯೇ ಮಾತಾಡುತ್ತಾಳೆ ಎಂಬ ಆಕ್ಷೇಪ ಹಳೆಯದು, ಅದು ಸುಳ್ಳೂ ಅಲ್ಲ.

ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' (1976) ಹಾಗಲ್ಲ. ಫಣಿಯಮ್ಮ ಕಲ್ಪನೆಯ ಹೆಣ್ಣಲ್ಲ, ಲೇಖಕಿಯ ಮನೆತನದಲ್ಲೇ ಬಾಳಿ 1952ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡ ಮುದುಕಿ. ಆಕೆ ಇಂದಿರಾ ಅವರ ತಾಯಿಗೆ ಹೇಳಿದ್ದು, ತಾಯಿ ಮಗಳಿಗೆ ಹೇಳಿದ್ದು, ಹೀಗೆ ಹೆಣ್ಣಿನ ಬಾಯಿಂದ ಹೆಣ್ಣಿನ ಕಿವಿಗೆ ಬಂದ ಕಥೆ. ಮದುವೆಯ ಅರ್ಥ ಗೊತ್ತಾಗುವ ಮೊದಲೇ ಗಂಡ ಸತ್ತ, ಮೈನೆರೆದ ಮೇಲೆ ತಲೆ ಬೋಳಿಸಿದರು, ಕೆಂಪು ಸೀರೆ ಉಡಿಸಿದರು. ಅಲ್ಲಿಂದ ಮುಂದೆ ದೊಡ್ಡ ಕುಟುಂಬದ ಅಡಿಗೆ, ಬಾಣಂತನ, ಉಪ್ಪಿನಕಾಯಿ, ಹಪ್ಪಳ ಎಲ್ಲ ಅವಳ ತಲೆಗೆ. ಈ ಹೆಂಗಸು ಯಾರಿಗೂ ಎದುರು ಮಾತಾಡುವುದಿಲ್ಲ. ಆದರೆ ಕಷ್ಟದ ಹೆರಿಗೆ ಎಂದು ಕರೆ ಬಂದಾಗ, ಮಡಿಹೆಂಗಸು ಮುಟ್ಟಬಾರದ ಕೇರಿಗೆ ನಡೆದುಹೋಗಿ, ತನ್ನ ಸಣ್ಣ ಕೈಯಿಂದ ಮಗುವನ್ನು ಈಚೆಗೆ ತರುತ್ತಾಳೆ. ಅದೇ ಮನೆತನದ ಹರೆಯದ ವಿಧವೆ ದಾಕ್ಷಾಯಿಣಿ ತಲೆ ಕೊಡುವುದಿಲ್ಲ ಎಂದು ಹಟ ಹಿಡಿದಾಗ ಫಣಿಯಮ್ಮ ಅವಳ ಪರ ನಿಲ್ಲುತ್ತಾಳೆ. ತನಗಾದದ್ದು ಇನ್ನೊಬ್ಬಳಿಗೂ ಆಗಲಿ ಎನ್ನುವುದು ಮನೆಯ ಹಿರಿಯ ಹೆಂಗಸರ ಮೂಲಕ ಅಧಿಕಾರ ಕೆಲಸ ಮಾಡುವ ರೀತಿ. ತನಗಾದದ್ದು ತನ್ನಲ್ಲಿಗೇ ನಿಲ್ಲಲಿ ಎಂದು ಫಣಿಯಮ್ಮ ತೀರ್ಮಾನಿಸುತ್ತಾಳೆ. 'ಸ್ತ್ರೀವಾದ' ಎಂಬ ಪದವನ್ನು ಕೇಳಿರದ ಮಲೆನಾಡಿನ ಅಜ್ಜಿಯೊಬ್ಬಳ ಈ ತೀರ್ಮಾನಕ್ಕೆ ಸಾಟಿಯಾದದ್ದು ನಮ್ಮ ಕಾದಂಬರಿಗಳಲ್ಲಿ ವಿರಳ. ಪ್ರೇಮಾ ಕಾರಂತರು 1983ರಲ್ಲಿ ಇದನ್ನು ಸಿನಿಮಾ ಮಾಡಿದರು. ಇಂಗ್ಲಿಷಿಗೆ ತಂದವರು ತೇಜಸ್ವಿನಿ ನಿರಂಜನ.

ಇಷ್ಟು ಹೊತ್ತು ಮೇಲುಜಾತಿಯ ಮನೆಗಳ ಒಳಗೇ ಇದ್ದೇವೆ. ಕನ್ನಡ ಕಾದಂಬರಿಯ ಹೆಣ್ಣಿನ ಬಗ್ಗೆ ಬರುವ ಎಷ್ಟೋ ಬರಹಗಳು ಇಲ್ಲಿಗೇ ನಿಂತುಬಿಡುತ್ತವೆ, ಅದು ಸರಿಯಲ್ಲ. ಕಾರಂತರ 'ಚೋಮನ ದುಡಿ' (1933)ಯನ್ನು ನಾವು ಭೂಮಿಯ ಕಥೆ ಎಂದು ಓದುತ್ತೇವೆ. ಹೊಲೆಯನೊಬ್ಬ ಬೇಸಾಯಗಾರನಾಗಲು ಆಸೆಪಟ್ಟ, ಜಾತಿ ಅದಕ್ಕೆ ಬಿಡಲಿಲ್ಲ. ಇದು ನಿಜ. ಆದರೆ ಚೋಮನ ತಲೆಯ ಮೇಲಿದ್ದ ಕಾಫಿ ತೋಟದ ಸಾಲ ತೀರಿದ್ದು ಹೇಗೆ? ಗಂಡುಮಕ್ಕಳು ತೋಟಕ್ಕೆ ಹೋದರು. ಒಬ್ಬ ಜ್ವರದಿಂದ ಸತ್ತ, ಇನ್ನೊಬ್ಬ ಕ್ರಿಸ್ತ ಮತಕ್ಕೆ ಸೇರಿ ಅಲ್ಲೇ ಉಳಿದ. ಕೊನೆಗೆ ಮಗಳು ಬೆಳ್ಳಿ ಹೋದಳು. ತೋಟದ ರೈಟರ್ ಮನ್ವೇಲ ಸಾಲವನ್ನು ಚುಕ್ತಾ ಮಾಡಿಸಿದ್ದು ಬೆಳ್ಳಿಯ ಮೈಯನ್ನು ಪಡೆದು. ಭೂಮಿ ಇಲ್ಲದವನ ಸಾಲವನ್ನು ಅವನ ಮಗಳು ತೀರಿಸುತ್ತಾಳೆ. ಚೋಮನ ಕೋಪ, ದುಃಖ, ದುಡಿಯ ಸದ್ದು ಓದುಗರ ಎದೆಗೆ ನೇರವಾಗಿ ತಟ್ಟುತ್ತದೆ. ಬೆಳ್ಳಿಯ ಮೌನವನ್ನು ಕೇಳಿಸಿಕೊಳ್ಳಲು ಇನ್ನೊಂದು ಓದು ಬೇಕು. ಜಾತಿಯ ಹೊರೆ ಒಂದೇ ಮನೆಯಲ್ಲಿ ಅಪ್ಪನ ಮೇಲೂ ಮಗಳ ಮೇಲೂ ಬೇರೆ ಬೇರೆ ತೂಕದಲ್ಲಿ ಬೀಳುತ್ತದೆ ಎಂಬುದನ್ನು ಕಾರಂತರು ಇಷ್ಟು ಮುಂಚೆಯೇ ಕಂಡಿದ್ದರು.

ಹೆಣ್ಣು ಮತ್ತು ಆಳುತನದ ಸಂಬಂಧವನ್ನು ಕುವೆಂಪು 'ಮಲೆಗಳಲ್ಲಿ ಮದುಮಗಳು' (1967)ವಿನಲ್ಲಿ ಇನ್ನೂ ವಿಸ್ತಾರವಾಗಿ ಹಿಡಿದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ತೀರ್ಥಹಳ್ಳಿ ಸೀಮೆ. ಸಿಂಬಾವಿ ಹೆಗ್ಗಡೆಯವರ ಆಳು ಗುತ್ತಿ ಬೆಟ್ಟಳ್ಳಿ ಗೌಡರ ಆಳಿನ ಮಗಳು ತಿಮ್ಮಿಯನ್ನು ಮೆಚ್ಚಿದ್ದಾನೆ. ಬೇರೆಲ್ಲಾದರೂ ಇದು ಪ್ರೇಮಕಥೆ. ಇಲ್ಲಿ ಒಬ್ಬ ಒಡೆಯನಿಗೆ ಒಂದು ಆಳು ಕಡಮೆ, ಇನ್ನೊಬ್ಬನಿಗೆ ಒಂದು ಹೆಚ್ಚು. ಹಾಗಾಗಿ ಓಡಿಹೋಗುವುದು ಬಿಟ್ಟು ಅವರಿಗೆ ದಾರಿಯಿಲ್ಲ. ಒಕ್ಕಲಿಗರ ಮನೆಯ ಚಿನ್ನಮ್ಮ ಮೆಚ್ಚಿದ ಮುಕುಂದಯ್ಯನಿಗಾಗಿ ಮನೆ ಬಿಟ್ಟು ಓಡುವಾಗ ಕೈಹಿಡಿದು ನಡೆಸುವವಳು ಕೂಲಿಯ ಹೆಣ್ಣು ಪೀಂಚಲು. ಇತ್ತ ನಾಗಕ್ಕನನ್ನು ಗಂಡಸಿನ ಕೈಗೆ ಒಪ್ಪಿಸಲು ಹೊಂಚು ಹಾಕುವವಳು ಅವಳ ಅತ್ತೆಯೇ. ಹೆಣ್ಣಿಗೆ ಹೆಣ್ಣೇ ಶತ್ರು ಎಂಬ ಸವಕಲು ಮಾತನ್ನಾಗಲಿ, ಹೆಂಗಸರೆಲ್ಲ ಒಂದೇ ಎಂಬ ಮಾತನ್ನಾಗಲಿ ಈ ಕಾದಂಬರಿ ಒಪ್ಪುವುದಿಲ್ಲ. ಯಾವ ಹೆಣ್ಣು ಯಾರ ಪರ ನಿಲ್ಲುತ್ತಾಳೆ ಎಂಬುದನ್ನು ಅವಳ ಹಸಿವು, ಅವಳ ಆಸರೆ, ಅವಳ ಸ್ವಭಾವ ಕೂಡಿ ತೀರ್ಮಾನಿಸುತ್ತವೆ. ದೇವನೂರ ಮಹಾದೇವ ಅವರ 'ಕುಸುಮಬಾಲೆ' (1984) ನಂಜನಗೂಡು ಸೀಮೆಯ ಮಾತಿನಲ್ಲಿ ಜಾತಿಯ ಗೆರೆಯನ್ನು ಕೆಳಗಿನಿಂದ ನೋಡಿತು. ಮೇಲುಜಾತಿಯ ಕುಸುಮಳನ್ನು ಮೆಚ್ಚಿದ ದಲಿತ ಹುಡುಗ ಚನ್ನ ಕೊಲೆಯಾಗುತ್ತಾನೆ. ಊರಿನ ಮನೆಗಳ ಗುಟ್ಟನ್ನು ರಾತ್ರಿ ಕೂಡಿ ಆಡಿಕೊಳ್ಳುವವರು ಆ ಮನೆಗಳ ದೀಪಗಳಾದ ಜೋತಮ್ಮಗಳು. ಜಾತಿ ಕಾಪಾಡುವುದೆಂದರೆ ಮನೆಮಗಳ ಮೈ ಕಾಯುವುದು ಎಂಬ ಲೆಕ್ಕ ಇಲ್ಲಿ ನೆತ್ತರಿನಲ್ಲಿ ಕೊನೆಗಾಣುತ್ತದೆ.

ಗಂಡುತನವೂ ಸಮಾಜ ಹೊಲಿದುಕೊಟ್ಟ ಅಂಗಿಯೇ. ಅದು ಮೈಗೆ ಹೊಂದದವರ ಕಥೆಯನ್ನೂ ಕನ್ನಡ ಕಾದಂಬರಿ ಚೆನ್ನಾಗಿ ಹೇಳಿದೆ. ಶ್ರೀಕೃಷ್ಣ ಆಲನಹಳ್ಳಿಯವರ 'ಪರಸಂಗದ ಗೆಂಡೆತಿಮ್ಮ' ಊರೂರು ತಿರುಗಿ ಸಣ್ಣಪುಟ್ಟ ಸಾಮಾನು ಮಾರುವವನು. ಪೇಟೆಯ ರುಚಿ ಕಂಡ ಹೆಂಡತಿ ಮರಂಕಿಯನ್ನು ಸುಖವಾಗಿಡಬೇಕೆಂಬ ಆಸೆ ಅವನಿಗೆ. ಗಂಡನಾದವನು ಹೆಂಡತಿಯನ್ನು ಹದ್ದುಬಸ್ತಿನಲ್ಲಿಡಬೇಕು ಎನ್ನುವ ಊರಿನಲ್ಲಿ ಮೃದುವಾದ ಗಂಡಸಿಗೆ ಜಾಗವಿಲ್ಲ. ಭೈರಪ್ಪನವರ 'ದಾಟು' (1973)ವಿನಲ್ಲಿ ಬ್ರಾಹ್ಮಣರ ಹುಡುಗಿ ಸತ್ಯಭಾಮೆ ಜಾತಿ ದಾಟಲು ಸಿದ್ಧಳಿದ್ದಾಳೆ, ಹಿಂದೆಗೆಯುವವನು ಮಂತ್ರಿಯ ಮಗ ಶ್ರೀನಿವಾಸ. ಓದು, ಹಣ, ಅಧಿಕಾರ ಎಲ್ಲ ಅವನ ಕಡೆಗಿದ್ದವು. ಕಳೆದುಕೊಳ್ಳುವುದಕ್ಕೆ ಬಹಳ ಇದ್ದುದರಿಂದಲೇ ಅವನಿಗೆ ಧೈರ್ಯ ಬರಲಿಲ್ಲ. 'ವಂಶವೃಕ್ಷ'ದ ಲೇಖಕರೇ ಇಲ್ಲಿ ಸತ್ಯಭಾಮೆಗೆ ಕೊಟ್ಟ ಬೆನ್ನೆಲುಬನ್ನು ನೋಡಿದರೆ, ಒಬ್ಬನೇ ಕಾದಂಬರಿಕಾರನ ಬಗ್ಗೆ ಒಂದೇ ತೀರ್ಪು ಕೊಡುವುದು ಎಷ್ಟು ಅನ್ಯಾಯ ಎಂದು ತಿಳಿಯುತ್ತದೆ.

ಮಧ್ಯಮವರ್ಗದ ಮನೆಯೊಳಗಿನ ಮನಸ್ಸಿಗೆ ಬಾಗಿಲು ತೆರೆದವರು ತ್ರಿವೇಣಿ. 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡ ಅವರು ಬರೆದ ಕಾದಂಬರಿಗಳು ಸುಮಾರು ಇಪ್ಪತ್ತು. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ, 'ಗ್ರಹಚಾರ', 'ಗಾಳಿ ಸೋಕಿದೆ' ಎಂದು ಜನ ಕರೆಯುತ್ತಿದ್ದುದಕ್ಕೆ ಕಾರಣವನ್ನು ಹೆಣ್ಣಿನ ಬದುಕಿನಲ್ಲೇ ಹುಡುಕಿದರು. 'ಶರಪಂಜರ'ದ ಕಾವೇರಿ ಬಾಣಂತಿತನದಲ್ಲಿ ಮನಸ್ಸಿನ ಸ್ಥಿಮಿತ ಕಳೆದುಕೊಂಡು, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಕಾಯಿಲೆಗಿಂತ ಕ್ರೂರವಾದದ್ದು ಆಮೇಲೆ ಶುರುವಾಗುತ್ತದೆ. ಜೋರಾಗಿ ನಕ್ಕರೆ ಮನೆಯವರು ಮುಖ ಮುಖ ನೋಡುತ್ತಾರೆ, ಕೋಪ ಬಂದರೆ ಮತ್ತೆ ಕೆಟ್ಟಿತು ಎನ್ನುತ್ತಾರೆ. ಗಂಡ ಸತೀಶ ಬೈಯುವುದಿಲ್ಲ, ಹೊಡೆಯುವುದಿಲ್ಲ, ದೂರವಾಗುತ್ತಾನೆ, ಅಷ್ಟೆ. ಹುಚ್ಚಿ ಎಂಬ ಹೆಸರು ಒಮ್ಮೆ ಅಂಟಿದ ಮೇಲೆ ಆ ಹೆಣ್ಣಿನ ನ್ಯಾಯವಾದ ಮಾತಿಗೂ ಬೆಲೆಯಿಲ್ಲ ಎಂಬುದನ್ನು ತ್ರಿವೇಣಿ ದಿನಬಳಕೆಯ ಸಣ್ಣ ಸಣ್ಣ ನೋಟಗಳಿಂದ ಕಟ್ಟುತ್ತಾರೆ. ಕಾವೇರಿಯೂ ಕೊನೆಗೆ ಉಳಿಯುವುದಿಲ್ಲ, ಮತ್ತೆ ಆಸ್ಪತ್ರೆ ಸೇರುತ್ತಾಳೆ. ಆದರೆ ಕಾತ್ಯಾಯಿನಿಯ ಅಂತ್ಯಕ್ಕೂ ಇದಕ್ಕೂ ವ್ಯತ್ಯಾಸವಿದೆ. ಕಾವೇರಿಯನ್ನು ಅಲ್ಲಿಗೆ ಕಳಿಸಿದವರು ಯಾರು ಎಂಬುದರಲ್ಲಿ ಓದುಗರಿಗೆ ಯಾವ ಸಂಶಯವೂ ಉಳಿಯದಂತೆ ತ್ರಿವೇಣಿ ನೋಡಿಕೊಳ್ಳುತ್ತಾರೆ. ಆರೋಪಿಯ ಜಾಗದಲ್ಲಿ ಮನೆ ನಿಂತಿದೆ. ಜನಪ್ರಿಯ ಲೇಖಕಿ ಎಂದು ವಿಮರ್ಶೆ ತ್ರಿವೇಣಿಯವರನ್ನು ಬಹುಕಾಲ ಬದಿಗಿಟ್ಟಿತು. ಗ್ರಂಥಾಲಯದಿಂದ ಅವರ ಪುಸ್ತಕಗಳನ್ನು ತಂದು ಕೈಯಿಂದ ಕೈಗೆ ದಾಟಿಸಿದ ಹೆಂಗಸರಿಗೆ ಅವರ ಬೆಲೆ ಗೊತ್ತಿತ್ತು.

'ಫಣಿಯಮ್ಮ' ಬಂದ ವರ್ಷವೇ ವೈದ್ಯೆ ಅನುಪಮಾ ನಿರಂಜನ ಅವರ 'ಮಾಧವಿ'ಯೂ ಬಂತು. ಮಹಾಭಾರತದ ಯಯಾತಿ, ಗಾಲವನ ಗುರುದಕ್ಷಿಣೆಗೆ ಬೇಕಾದ ಎಂಟುನೂರು ಕುದುರೆಗಳಿಗಾಗಿ ಮಗಳನ್ನು ಕೊಡುತ್ತಾನೆ. ಇನ್ನೂರು ಕುದುರೆಗೆ ಒಂದು ಗಂಡುಮಗುವಿನಂತೆ ಅವಳನ್ನು ರಾಜನಿಂದ ರಾಜನಿಗೆ ದಾಟಿಸುತ್ತಾರೆ. ಹೆರಿಗೆಗೆ ಇಷ್ಟು ಎಂದು ದರ ಕಟ್ಟಿದ ಈ ಪುರಾಣ ಶತಮಾನಗಳಿಂದ ನಮ್ಮೆದುರೇ ಇತ್ತು. ಅದನ್ನು ಮಾಧವಿಯ ಬಸಿರು, ಹಾಲು, ಅಗಲಿಕೆಗಳ ಕಡೆಯಿಂದ ನೋಡಲು ಹೆರಿಗೆ ಮಾಡಿಸಿ ಗೊತ್ತಿದ್ದ ಲೇಖಕಿ ಬರಬೇಕಾಯಿತು.

ಸಾರಾ ಅಬೂಬಕ್ಕರ್ ಕಾಸರಗೋಡಿನವರು. 'ಚಂದ್ರಗಿರಿಯ ತೀರದಲ್ಲಿ' 1980ರ ದಶಕದ ಮೊದಲ ವರ್ಷಗಳಲ್ಲಿ 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂತು. ತಲಾಖ್ ಆದ ಮುಸ್ಲಿಂ ಹೆಂಗಸಿನ ಜೀವನಾಂಶದ ಕುರಿತ ಶಾ ಬಾನೋ ತೀರ್ಪು ದೇಶದಲ್ಲಿ ಗದ್ದಲ ಎಬ್ಬಿಸಿದ್ದು ಅದರ ನಂತರ, 1985ರಲ್ಲಿ. ನಾದಿರಾಗೆ ಗಂಡ ರಶೀದನ ಮೇಲೆ ಪ್ರೀತಿಯಿದೆ, ಅವನಿಗೂ ಅವಳ ಮೇಲೆ. ಹಣದ ಜಗಳಕ್ಕೆ ಅಪ್ಪ ಮಹಮ್ಮದ್ ಖಾನ್ ಅಳಿಯನಿಂದ ತಲಾಖ್ ಕೊಡಿಸುತ್ತಾನೆ. ಮತ್ತೆ ಒಂದಾಗಬೇಕಾದರೆ ಅವಳು ಇನ್ನೊಬ್ಬನನ್ನು ಒಂದು ರಾತ್ರಿಗೆ ಮದುವೆಯಾಗಿ ಅವನಿಂದ ಬಿಡುಗಡೆ ಪಡೆಯಬೇಕು ಎನ್ನುತ್ತಾರೆ. ನಾದಿರಾ ಮಸೀದಿಯ ಕೆರೆಗೆ ಹಾರುತ್ತಾಳೆ. ಇಲ್ಲಿ ದುಷ್ಟನೊಬ್ಬನ ಕಡೆ ಬೆರಳು ಮಾಡಿ ತೃಪ್ತಿಪಡುವಂತಿಲ್ಲ; ಅಪ್ಪನ ಹಟ, ಊರಿನ ಮುಖಂಡರ ಅಜ್ಞಾನ, ಅಮ್ಮನ ಬಾಯಿಲ್ಲದ ಸಂಕಟ ಎಲ್ಲ ಕೂಡಿ ಒಂದು ಹುಡುಗಿಯನ್ನು ಮೂಲೆಗೆ ತಳ್ಳುತ್ತವೆ. ಸಾರಾ ಬರೆದದ್ದು ತಮ್ಮ ಸಮುದಾಯದ ಒಳಗೆ ನಿಂತು, ಅದರ ಹೆಂಗಸರ ಪರವಾಗಿ. ಹೊರಗಿನವರು ಅದನ್ನು ಆ ಸಮುದಾಯವನ್ನು ಹೀಯಾಳಿಸಲು ಬಳಸಿಕೊಳ್ಳುವುದು, ಒಳಗಿನ ಕೆಲವರು ಅವರ ಮೇಲೆ ಮುಗಿಬೀಳುವುದು, ಎರಡನ್ನೂ ಅವರು ಎದುರಿಸಿದರು. 2023ರಲ್ಲಿ ತೀರಿಕೊಳ್ಳುವವರೆಗೂ ಹಿಂಜರಿಯಲಿಲ್ಲ. ಕಲಬುರಗಿ ಸೀಮೆಯ ದುಡಿಯುವ ಹೆಂಗಸರನ್ನು ಅವರದೇ ಮಾತಿನೊಡನೆ ಕಾದಂಬರಿಗೆ ತಂದ ಗೀತಾ ನಾಗಭೂಷಣ ಅವರಿಗೆ 'ಬದುಕು' ಕೃತಿಗಾಗಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 2004ರಲ್ಲಿ. ಕನ್ನಡದ ಲೇಖಕಿಯೊಬ್ಬರಿಗೆ ಆ ಪ್ರಶಸ್ತಿ ಬರಲು ಅಷ್ಟು ವರ್ಷ ಬೇಕಾಯಿತು ಎಂಬುದೂ ಈ ಚರ್ಚೆಗೆ ಸೇರಿದ ಸಂಗತಿಯೇ.

ವಿವೇಕ ಶಾನಭಾಗರ 'ಘಾಚರ್ ಘೋಚರ್' (2013)ಗೆ ಬರುವ ಹೊತ್ತಿಗೆ ವಿಧವೆ ಇಲ್ಲ, ಅಗ್ರಹಾರ ಇಲ್ಲ, ಬೆಂಗಳೂರಿನ ಮನೆಯಲ್ಲಿ ಹಣ ಇದೆ. ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ಇಡೀ ಸಂಸಾರ ಬದುಕುತ್ತಿದೆ. ಒಂದು ದಿನ ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಬಾಗಿಲಿಗೆ ಬರುತ್ತಾಳೆ, ಅವನಿಗಾಗಿ ಮಾಡಿದ ಅಡಿಗೆಯನ್ನು ಕೈಯಲ್ಲಿ ಹಿಡಿದುಕೊಂಡು. ಅವಳನ್ನು ಬಾಯಿಗೆ ಬಂದಂತೆ ಬೈದು ಓಡಿಸುವವರು ಮನೆಯ ಹೆಂಗಸರು; ಚಿಕ್ಕಪ್ಪ ಹೊರಗೇ ಬರುವುದಿಲ್ಲ. ಗಳಿಸುವ ಗಂಡಸಿನ ಕೈ ಕೊಳೆಯಾಗದಂತೆ ಅವನ ಆಸರೆಯಲ್ಲಿರುವ ಹೆಂಗಸರೇ ಹೊಲಸು ಕೆಲಸ ಮಾಡಿ ಮುಗಿಸುತ್ತಾರೆ. 'ಮಲೆಗಳಲ್ಲಿ ಮದುಮಗಳು'ವಿನ ಅತ್ತೆ ಹಸಿವಿನಿಂದ ಮಾಡಿದ್ದನ್ನು ಇವರು ಹೊಟ್ಟೆ ತುಂಬಿದ ಮೇಲೆ ಮಾಡುತ್ತಾರೆ. ಅದನ್ನು ತಪ್ಪು ಎಂದು ಆ ಮನೆಯಲ್ಲಿ ಹೇಳುವವಳು ಸೊಸೆ ಅನಿತಾ ಒಬ್ಬಳೇ. ಕೆಲಸವೇ ಇಲ್ಲದ ಗಂಡ, ಕಥೆ ಹೇಳುತ್ತಿರುವವನು, ಅವಳ ಮಾತಿನಲ್ಲಿ ನ್ಯಾಯವಿದೆ ಎಂದು ಬಲ್ಲ, ಆದರೂ ಸುಮ್ಮನಿರುತ್ತಾನೆ. ತವರಿಗೆ ಹೋದ ಅನಿತಾ ತಿರುಗಿ ಬಂದಳೋ, ಅವಳಿಗೆ ಏನಾದರೂ ಆಯಿತೋ ಎಂಬುದನ್ನು ಕಾದಂಬರಿ ಹೇಳದೆ ನಿಲ್ಲುತ್ತದೆ. ಸುಬ್ಬಮ್ಮ, ಕಾತ್ಯಾಯಿನಿ, ನಾದಿರಾ ಎಲ್ಲರ ಅಂತ್ಯವೂ ನಮಗೆ ಗೊತ್ತಿತ್ತು. ಇಲ್ಲಿ ಅವಳಿಗೆ ಏನಾಯಿತು ಎಂಬ ಪ್ರಶ್ನೆಯನ್ನು ಓದುಗರ ಮೇಲೇ ಹಾಕಿದ್ದಾರೆ, ಅದೂ ಸುಮ್ಮನಿದ್ದ ಗಂಡನ ಬಾಯಿಂದಲೇ.

ಕಾದಂಬರಿ ಇನ್ನೂ ತಲುಪದ ಜಾಗಗಳು ಬೇಕಾದಷ್ಟಿವೆ. ಗಂಡು ಗಂಡನ್ನು ಪ್ರೀತಿಸುವ ಬದುಕನ್ನು ವಸುಧೇಂದ್ರ 'ಮೋಹನಸ್ವಾಮಿ'ಯಲ್ಲಿ ಕನ್ನಡಕ್ಕೆ ತಂದದ್ದು ಕಥೆಗಳಾಗಿ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಅವರ ಕೃತಿ, ದೀಪಾ ಭಾಸ್ತಿ ಇಂಗ್ಲಿಷಿಗೆ ತಂದದ್ದು, ಅದೂ ಕಥಾಸಂಕಲನವೇ. ಸಣ್ಣಕಥೆ ಹೊಕ್ಕ ಮನೆಗಳಿಗೆ ಕಾದಂಬರಿ ತಡವಾಗಿ ಹೋಗುತ್ತಿದೆ. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಲಕ್ಷಗಟ್ಟಲೆ ಹೆಣ್ಣುಮಕ್ಕಳು ದುಡಿಯುತ್ತಿದ್ದಾರೆ. ಪೀಸ್ ಲೆಕ್ಕ, ಸೂಪರ್‌ವೈಸರನ ಬೈಗುಳ, ಪಿಎಫ್ ಹಣಕ್ಕಾಗಿ 2016ರಲ್ಲಿ ರಸ್ತೆಗಿಳಿದ ಸಾವಿರಾರು ಹೆಂಗಸರು, ಸಂಬಳದ ದಿನ ಗೇಟಿನ ಹೊರಗೆ ಕಾದು ನಿಲ್ಲುವ ಗಂಡಂದಿರು. ನಂಜಮ್ಮನಿಗೆ ಸಿಕ್ಕಷ್ಟು ಪುಟಗಳು, ಅಷ್ಟೇ ಹತ್ತಿರದ ನೋಟ ಇವರಿಗೆ ಕನ್ನಡ ಕಾದಂಬರಿಯಲ್ಲಿ ಇನ್ನೂ ಸಿಗಬೇಕಾಗಿದೆ.